ಕಾಗದಕ್ಕೆ ಕಡಿದರು, ಎಣ್ಣೆಗೆ ಸುಟ್ಟರು

ಆ ಮನುಷ್ಯ ನಮ್ಮ ಶಾಲೆಗೆ ಬಂದದ್ದು ಮಗಳ ಹೆಸರು ಹಚ್ಚಲು. ಪಾಠಗಳು ಶುರುವಾಗಿ ಆಗಲೇ ಮೂರು ವಾರ ಕಳೆದಿದ್ದವು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು ಅವು. ಗೋಕಾಕದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ತಡವಾಗಿ ಬಂದವರ ಅರ್ಜಿ ನೋಡುವ ಕೆಲಸವೂ ನನಗೇ ಬಿದ್ದಿತ್ತು.

"ಇಷ್ಟ ತಡಾ ಯಾಕ್ರಿ?" ಎಂದು ಕೇಳಿದೆ.

ಉತ್ತರ ಕೊಡುವ ಮೊದಲು ಅವರಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಮಗಳು ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ನಾನು ನೀರು ಕೊಟ್ಟೆ.

"ದವಾಖಾನಿ ಸಲುವಾಗಿ ಘೋಡಗೇರಿ ಬಿಟ್ಟು ಘಟಪ್ರಭಾದಾಗ ಮನಿ ಮಾಡೇವ್ರಿ," ಎಂದರು. "ಪರದೇಶದಾಗ ಫಿಟ್ಟರ್ ಇದ್ದೆ. ಕಾಗದದ ತಿರುಳು ಮಾಡೂ ಫ್ಯಾಕ್ಟರಿ. ಅಲ್ಲೆ ಹೊಗಿ ಕುಡದು ಹಿಂಗಾಗೇನಿ."

"ಫ್ಯಾಕ್ಟರಿ ಹೊಗಿ ಏನ್ರಿ?"

"ಅಲ್ರಿ ಅಕ್ಕಾರ. ಕಾಡಿನ ಹೊಗಿ."

ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದು, ಅದರೊಳಗಿನ ಫೋಟೋಗಳನ್ನು ಪ್ರವೇಶದ ಅರ್ಜಿಗಳ ಮೇಲೆಯೇ ಹರಡಿದರು. ಅವರು ಏಳು ವರ್ಷ ದುಡಿದದ್ದು ಸುಮಾತ್ರಾ ಎಂಬ ದ್ವೀಪದಲ್ಲಿ. ಒಂದು ಫೋಟೋದಲ್ಲಿ ಕಣ್ಣು ಹಾಯುವವರೆಗೂ ಮರದ ದಿಮ್ಮಿಗಳ ರಾಶಿ. ಇನ್ನೊಂದರಲ್ಲಿ ದೀಪ ಹಚ್ಚಿಕೊಂಡು ಸಾಲಾಗಿ ನಿಂತ ಲಾರಿಗಳು; ಅದು ನಡುಮಧ್ಯಾಹ್ನ ತೆಗೆದದ್ದು ಎಂದು ಹೇಳಿದಾಗ ನಾನು ನಂಬಲಿಲ್ಲ. ಮತ್ತೊಂದರಲ್ಲಿ ಸುಟ್ಟ ಕರಿ ನೆಲ, ಅದರ ಮೇಲೆ ಗೆರೆ ಎಳೆದಂತೆ ನೆಟ್ಟ ಎಣ್ಣೆತಾಳೆಯ ಸಸಿಗಳು. ಕೊನೆಯದರಲ್ಲಿ ಒಂದು ದೊಡ್ಡ ವಾನರ, ಮೈತುಂಬ ಕೆಂಪು ಕೂದಲು. ಸುಟ್ಟ ಬೊಡ್ಡೆಯ ಮೇಲೆ ಕೂತಿತ್ತು. ಎದೆಗೆ ಮರಿ ಕಚ್ಚಿಕೊಂಡಿತ್ತು. ತಾಯಿ ತನ್ನ ಒಂದು ಅಂಗೈಯನ್ನು ಮೇಲೆ ಮಾಡಿ ಹಿಡಿದಿತ್ತು. ಅಂಗೈಯ ಚರ್ಮ ಸುಲಿದು ಹೋಗಿತ್ತು.

"ಮೊದಲ ಕಾಗದಕ್ಕ ಕಡದ್ರು. ಉಳದದ್ದನ್ನ ಎಣ್ಣಿಗೆ ಸುಟ್ರು," ಎಂದರು. "ನಾ ಬಾಯ್ಲರ್ ಸರಿ ಇಟ್ಟೆ. ಅಷ್ಟ ನನ್ನ ಕೆಲಸ. ಖರೆ, ಅದೂ ಅದರಾಗ ಬರ್ತೈತಿ ನೋಡ್ರಿ."

ಅವರ ಮಗಳಿಗೆ ಸೀಟು ಸಿಕ್ಕಿತು. ಮುಂದಿನ ಶನಿವಾರ ಅವರನ್ನು ನನ್ನ ತರಗತಿಗೆ ಕರೆದೆ. ಹುಡುಗಿಯರು ಅವರನ್ನು ಫಿಟ್ಟರ್ ಕಾಕಾ ಎಂದು ಕರೆಯತೊಡಗಿದರು. ನನಗೂ ಅದೇ ಹೆಸರು ಬಾಯಿಗೆ ಹತ್ತಿತು.

ಕಾಗದ ಉಳಿಸಿದರೆ ಕಾಡು ಉಳಿಯುತ್ತದೆ ಎಂಬ ಮಾತು ಎಲ್ಲರಿಗೂ ಇಷ್ಟವಾಯಿತು. ಹುಡುಗಿಯರು ಹಿಂದಿನ ವರ್ಷದ ನೋಟುಬುಕ್ಕುಗಳಲ್ಲಿ ಖಾಲಿ ಉಳಿದ ಹಾಳೆಗಳನ್ನು ಕಿತ್ತು, ದಬ್ಬಣ ಹಾಕಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹೊದಿಸಿ ಹೊಸ ಪುಸ್ತಕ ಮಾಡಿದರು. ಹೆಡ್‌ಬಾಯಿಯವರು, ಅಂದರೆ ನಮ್ಮ ಮುಖ್ಯಾಧ್ಯಾಪಕಿ, ಅವನ್ನು ಮೇಜಿನ ಮೇಲೆ ಜೋಡಿಸಿ ಬಂದವರಿಗೆಲ್ಲ ತೋರಿಸಿದರು. ಮೂಡಲಗಿಯ ಒಂದು ಶಾಲೆಯಿಂದ ಕರೆ ಬಂತು, ಹುಕ್ಕೇರಿಯಿಂದ ಬಂತು. ರವಿವಾರಗಳಂದು ನಾನೂ ಫಿಟ್ಟರ್ ಕಾಕಾನೂ ಬಸ್ಸು ಹತ್ತಿ ಹೋಗಿ ಫೋಟೋ ತೋರಿಸಿ ಮಾತಾಡಿ ಬರುತ್ತಿದ್ದೆವು. ಎಲ್ಲ ಕಡೆ ಚಹಾ, ಚಪ್ಪಾಳೆ. ಯಾರಿಗೂ ಏನೂ ತೊಂದರೆಯಾಗದ ಮಾತು ಅದು. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು.

ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಕಾಕಾ, ಕಾಗದ ಆತು. ಆ ಎಣ್ಣಿ ಎಲ್ಲಿ ಹೋಗ್ತೈತ್ರಿ?"

ಫಿಟ್ಟರ್ ಕಾಕಾ ನನ್ನ ಮುಖ ನೋಡಿದರು. "ಹಡಗಿನ್ಯಾಗ ಹಿಂದುಸ್ತಾನಕ್ಕ ಬರ್ತೈತವ್ವಾ. ರೇಶನ್ ಅಂಗಡಿಗೆ ಬರ್ತೈತಿ. ಗಟ್ಟಿ ಮಾಡಿ ವನಸ್ಪತಿ ಅಂತ ಡಬ್ಬಿಗೆ ತುಂಬತಾರ. ಬೇಕರಿ, ಮಿಠಾಯಿ, ಎಲ್ಲಾದರಾಗೂ ಅದ."

ಆ ಸಂಜೆ ಮನೆಗೆ ಹೋದಾಗ ನಾನು ನಮ್ಮ ಹಿತ್ತಲನ್ನು ಮೊದಲ ಸಲ ನೋಡುವಂತೆ ನೋಡಿದೆ. ನನ್ನ ಗಂಡನ ಅಣ್ಣ, ನಮ್ಮ ಭಾವ, ಕರದಂಟು ಮಾಡುವವರು. ಗೋಕಾಕಕ್ಕೆ ಬಂದವರು ಕಟ್ಟಿಸಿಕೊಂಡು ಹೋಗುವ ತಿಂಡಿ ಅದು. ಗಿಡದ ತಿನ್ನುವ ಅಂಟನ್ನು ಕರಿದು, ಬೆಲ್ಲ, ಒಣಹಣ್ಣು ಹಾಕಿ ಮಾಡುತ್ತಾರೆ. ಅಂಗಡಿ ಪೇಟೆಯಲ್ಲಿ, ಭಟ್ಟಿ ನಮ್ಮ ಹಿತ್ತಲಿನಲ್ಲಿ. ಆರು ಹೆಂಗಸರು ಅಲ್ಲಿ ಕೆಲಸಕ್ಕೆ ಬರುತ್ತಿದ್ದರು. ಬಾಣಲೆಯಲ್ಲಿ ಅಂಟಿನ ಹರಳು ಬಿದ್ದು ಅರಳುವ ಸದ್ದು ದಿನವಿಡೀ ಕೇಳುತ್ತಿತ್ತು. ಭಟ್ಟಿಯ ಗೋಡೆಗೆ ಒತ್ತಿ ತಗಡಿನ ಡಬ್ಬಿಗಳ ಸಾಲು. ಖಾಲಿಯಾದ ಡಬ್ಬಿಗಳಲ್ಲಿ ನಾವು ಸ್ನಾನದ ನೀರು ಕಾಯಿಸುತ್ತಿದ್ದೆವು, ದಾಸವಾಳ ನೆಟ್ಟಿದ್ದೆವು, ಜೋಳ ತುಂಬಿಡುತ್ತಿದ್ದೆವು. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಆ ಡಬ್ಬಿಗಳ ನಡುವೆಯೇ ಓಡಾಡಿದ್ದೆ. ಅವೆಲ್ಲ ವನಸ್ಪತಿಯ ಡಬ್ಬಿಗಳು. ಪೇಟೆಯ ನಮ್ಮ ಅಂಗಡಿಯ ಹಲಗೆಯ ಮೇಲೆ ಮಾತ್ರ ಮಾವನವರ ಕಾಲದಿಂದ 'ಶುದ್ಧ ತುಪ್ಪದ ಕರದಂಟು' ಎಂದೇ ಬರೆದಿತ್ತು.

ನಾನು ಯಾರಿಗೂ ಏನೂ ಹೇಳಲಿಲ್ಲ. ಎಣ್ಣೆಯ ವಿಷಯ ಹಳ್ಳಿಗಳಲ್ಲಿ ಮಾತಾಡೋಣ ಎಂದು ಫಿಟ್ಟರ್ ಕಾಕಾನಿಗೆ ಹೇಳಿದೆ. ಮನೆಯಲ್ಲಿ ಆಡಬೇಕಾದ ಮಾತನ್ನು ದೂರ ಒಯ್ದರೆ ಸುಲಭವೆಂದು ಅನ್ನಿಸಿರಬೇಕು.

ಕುಲಗೋಡದಲ್ಲಿ ಅದಕ್ಕೆ ತಕ್ಕ ಉತ್ತರ ಸಿಕ್ಕಿತು. ಶಾಲೆಯ ಅಂಗಳದಲ್ಲಿ ಮೂವತ್ತು ನಲವತ್ತು ಹೆಂಗಸರು ಸೇರಿದ್ದರು. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವವರೇ ಹೆಚ್ಚು. ನಾನು ಫೋಟೋ ತೋರಿಸಿ, ಈ ಎಣ್ಣೆಯನ್ನು ನಾವು ಬಿಡಬೇಕು ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ, ನನ್ನದೇ ವಯಸ್ಸಿನ ಹೆಂಗಸು ಎದ್ದು ನಿಂತಳು.

"ಅಕ್ಕಾರ, ನಿಮ್ಮ ಮನ್ಯಾಗ ಯಾವ ಎಣ್ಣಿ ತಿಂತೀರಿ?"

"ಸೇಂಗಾ ಎಣ್ಣಿ," ಎಂದೆ.

"ಸೇಂಗಾ ಎಣ್ಣಿ ತಿನ್ನವ್ರು ಬಂದು ರೇಶನ್ ಎಣ್ಣಿ ಬಿಡ್ರಿ ಅಂತೀರಿ. ಬಿಟ್ಟು ಪಲ್ಯಾಕ್ಕ ಏನ ಹಾಕೂಣು? ನೀರ? ಆ ಮಂಗ್ಯಾನ ಕೈ ಸುಟ್ಟದ್ದು ನೋಡಿ ನನಗೂ ಕೆಟ್ಟ ಅನಸ್ತು. ಆದರ ಕಾಡ ಸುಟ್ಟಾಕಿ ನಾ ಅಲ್ಲ. ಸುಟ್ಟವ್ರಿಗೆ ಹೋಗಿ ಹೇಳ್ರಿ. ಅದನ್ನ ಮಾರಿ ದೊಡ್ಡವರಾದವ್ರಿಗೆ ಹೇಳ್ರಿ."

ಯಾರೋ ನಕ್ಕರು. ಉಳಿದವರು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಏನೋ ಹೇಳಿ ಸಭೆ ಮುಗಿಸಿದೆ. ಫಿಟ್ಟರ್ ಕಾಕಾ ಬಸ್ಸಿನಲ್ಲಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಕಾಕದವರೆಗೆ ಕೂತು ಬಂದರು. ಇಳಿಯುವಾಗ, "ಆಕಿ ಹೇಳಿದ್ದು ಖರೆ ಐತ್ರಿ," ಎಂದರು. "ನಾವು ಯಾರಿಗೆ ಅಂಜತೀವಿ ಅವ್ರ ಕಡೆ ಹೋಗಿಲ್ಲ."

ಮರುದಿನ ತರಗತಿಯಲ್ಲಿ ಹೊಸದಾಗಿ ಕೆಲಸ ಹಂಚಿದೆವು. ಊರಿನ ಬೇಕರಿ, ಮಿಠಾಯಿ, ಕರದಂಟಿನ ಅಂಗಡಿಗಳಿಗೆ ಹೋಗಿ, ಯಾವ ಕೊಬ್ಬಿನಲ್ಲಿ ಕರಿಯುತ್ತೀರಿ ಎಂದು ಕೇಳಿ ಬರೆದುಕೊಂಡು ಬರುವುದು. ತಿನ್ನುವವರಿಗೆ ನಿಜ ಗೊತ್ತಾಗಲಿ, ಆಮೇಲೆ ಅವರ ಇಷ್ಟ. ಇಷ್ಟೇ ನಮ್ಮ ಬೇಡಿಕೆ. ಹುಡುಗಿಯರು ಇಬ್ಬಿಬ್ಬರಾಗಿ ಹೋದರು. ಕೆಲವರು ಕೂರಿಸಿ ಪೇಡೆ ಕೊಟ್ಟು ಹೇಳಿದರು, ಕೆಲವರು ಬೈದು ಅಟ್ಟಿದರು. ವಾರದ ಕೊನೆಗೆ ಯಾದಿ ಸಿದ್ಧವಾಯಿತು. ಅದನ್ನು ಮೇಜಿನ ಮೇಲಿಟ್ಟವಳು ಫಿಟ್ಟರ್ ಕಾಕಾನ ಮಗಳು. ನೆಲ ನೋಡುತ್ತ ಹೇಳಿದಳು:

"ಟೀಚರ್, ಒಂದ ಅಂಗಡಿ ಖಾಲಿ ಬಿಟ್ಟೇವ್ರಿ."

ಯಾವುದೆಂದು ಕೇಳಬೇಕಾಗಿರಲಿಲ್ಲ. ಮೂವತ್ತೆಂಟು ಹುಡುಗಿಯರು ನನ್ನ ಕೈಯನ್ನೇ ನೋಡುತ್ತಿದ್ದರು. ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು, ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅದೇ ಪೆನ್ನಿನಿಂದ ನಮ್ಮ ಅಂಗಡಿಯ ಹೆಸರಿನ ಮುಂದೆ 'ವನಸ್ಪತಿ' ಎಂದು ಬರೆದೆ. ಅಕ್ಷರ ಡೊಂಕಾಯಿತು.

ಮನೆಗೆ ಹೋಗಿ ಭಾವನಿಗೆ ನಾನೇ ಹೇಳಿದೆ. ಬೇರೆಯವರಿಂದ ಅವರ ಕಿವಿಗೆ ಬೀಳುವುದು ಬೇಡವಾಗಿತ್ತು. ಭಟ್ಟಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಬಾದಾಮಿ ಆರಿಸುತ್ತಿದ್ದರು. ಒಳ್ಳೆಯ ಮನುಷ್ಯ. ಮದುವೆಯಾದ ಮೇಲೂ ನಾನು ಓದು ಮುಂದುವರಿಸಬೇಕೆಂದು ಮನೆಯವರೊಂದಿಗೆ ಜಗಳವಾಡಿದವರು ಅವರೇ. ಎಲ್ಲ ಕೇಳಿಸಿಕೊಂಡು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ನನ್ನ ಅಂಗಡಿ ಹೆಸರ ನೀ ಬರದಿ?"

"ಎಲ್ಲಾರ ಹೆಸರೂ ಅದಾವ್ರಿ ಭಾವಾ. ನಮ್ಮದೊಂದು ಬಿಟ್ರ ನಾ ಹುಡಿಗ್ಯಾರ ಮುಂದ ಹ್ಯಾಂಗ ನಿಂದರ್ಲಿ?"

"ತುಪ್ಪದಾಗ ಕರದ್ರ ಯಾರ ಕೊಳ್ತಾರ? ಬಾಜೂದಂವ ಅರ್ಧಕ್ಕ ಮಾರ್ತಾನ. ಭಟ್ಟಿ ಆರಿದ್ರ ಈ ಆರು ಹೆಣ್ಣಮಕ್ಕಳ ಮನಿ ಒಲಿನೂ ಆರ್ತೈತಿ. ಅದನ್ನೂ ನಿನ್ನ ಯಾದ್ಯಾಗ ಬರಿ."

"ವನಸ್ಪತಿ ಹಾಕಬ್ಯಾಡ್ರಿ ಅಂತ ಹೇಳಾಕ ನಾ ಯಾರು? ಏನ ಹಾಕ್ತೀರಿ ಅದನ್ನ ಹಲಗಿ ಮ್ಯಾಲ ಬರೀರಿ. ಅಷ್ಟ."

ಭಟ್ಟಿಯ ಹೆಂಗಸರು ಕೈ ನಿಲ್ಲಿಸಿದ್ದರು. ಬಾಣಲೆಯಲ್ಲಿ ಅಂಟು ಕರಕಾಗುವ ವಾಸನೆ ಬಂತು. ಭಾವ ಎದ್ದು ಹೋಗಿ ತಾವೇ ಬಾಣಲೆ ಇಳಿಸಿದರು. ಆ ಹೊತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟರು.

ನನ್ನ ಗಂಡ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಜಗಳವೆಂದರೆ ಅವರಿಗೆ ಜ್ವರ. "ನಿನ್ನ ಮಾತು ತಪ್ಪಲ್ಲ, ಅಣ್ಣಂದೂ ತಪ್ಪಲ್ಲ," ಎಂದರು. "ಇಬ್ಬರ ನಡಕ ನನ್ನ ಹಿಂಡಬ್ಯಾಡ್ರಿ." ಅವರ ಮೇಲೆ ನನಗೆ ಬಂದ ಸಿಟ್ಟು ಭಾವನ ಮೇಲೆ ಬಂದಿರಲಿಲ್ಲ.

ಮುಂದಿನ ವಾರ ಎಲ್ಲ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ಕರಪತ್ರ ಮಾಡಿಸಲು ಹೋದರೆ ಪ್ರೆಸ್ಸಿನವರು ಕೈ ಮುಗಿದರು. ಊರಿನ ಮಿಠಾಯಿ ಡಬ್ಬಿಗಳೆಲ್ಲ ಅಚ್ಚಾಗುತ್ತಿದ್ದುದು ಅಲ್ಲಿಯೇ. ಇಬ್ಬರು ವರ್ತಕರು ಹೆಡ್‌ಬಾಯಿಯವರ ಕೋಣೆಯಲ್ಲಿ ಒಂದು ತಾಸು ಕೂತು ಹೋದರು. ಆಮೇಲೆ ನನಗೆ ಒಂದು ಪತ್ರ ಬಂತು: ಶಾಲೆಯ ಆವರಣದಿಂದ ಯಾವ ಕರಪತ್ರವೂ ಹೋಗಕೂಡದು, ವಿದ್ಯಾರ್ಥಿನಿಯರನ್ನು ಹೊರಗೆ ಕಳಿಸಕೂಡದು. ಹೆಡ್‌ಬಾಯಿಯವರು ಪತ್ರ ಕೊಡುವಾಗ ನನ್ನ ಮುಖ ನೋಡಲಿಲ್ಲ. ಹೊಲಿದ ನೋಟುಬುಕ್ಕುಗಳು ಮಾತ್ರ ಅವರ ಮೇಜಿನ ಮೇಲೆ ಇನ್ನೂ ಜೋಡಿಸಿಟ್ಟಿದ್ದವು.

ಹುಡುಗಿಯರು ತಮ್ಮ ತಮ್ಮ ಮನೆಗಳಲ್ಲಿ, ಒಂದು ಮಗ್ಗುಲು ಬರೆದ ಹಾಳೆಗಳ ಇನ್ನೊಂದು ಮಗ್ಗುಲಲ್ಲಿ ಯಾದಿಯನ್ನು ಕೈಯಿಂದಲೇ ನಕಲು ಮಾಡಿದರು. ನಾನು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಒಂದು ಕಡೆ ಗಣಿತದ ಲೆಕ್ಕ, ಇನ್ನೊಂದು ಕಡೆ ಅಂಗಡಿಗಳ ಹೆಸರು. ಸಂತೆಯ ದಿನ ಆ ಹಾಳೆಗಳು ಊರ ತುಂಬ ಓಡಾಡಿದವು.

ಆ ದಿನಗಳಲ್ಲೇ ಒಂದು ಮುಂಜಾನೆ ಅತ್ತೆಯವರು ನನ್ನ ಕೋಣೆಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ನಮ್ಮದು ಜೈನರ ಮನೆ, ಅತ್ತೆ ಅದರಲ್ಲೂ ಕಟ್ಟುನಿಟ್ಟು. ಬಾವಿಯ ನೀರನ್ನು ಎರಡು ಪದರದ ಬಿಳಿ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಅಲುಬಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅವುಗಳ ಜಾಗಕ್ಕೇ ಬಿಡುತ್ತಿದ್ದರು. ಫೋಟೋಗಳು ನನ್ನ ಹಾಸಿಗೆಯ ಮೇಲೆ ಹರಡಿದ್ದವು. ಮರುದಿನ ಹುಕ್ಕೇರಿಗೆ ಒಯ್ಯಲೆಂದು ಫಿಟ್ಟರ್ ಕಾಕಾ ನನ್ನ ಹತ್ತಿರ ಬಿಟ್ಟಿದ್ದರು.

ಅತ್ತೆ ಕನ್ನಡಕ ಹಾಕಿಕೊಂಡು ಕೆಂಪು ವಾನರದ ಫೋಟೋ ಎತ್ತಿಕೊಂಡರು.

"ಇದರ ಕೈಗೆ ಏನಾತು?"

"ಸುಟ್ಟೈತ್ರಿ ಅತ್ತಿ. ಕಾಡಿಗೆ ಬೆಂಕಿ ಹಚ್ಚಿದ್ರು."

"ಯಾಕ?"

"ಎಣ್ಣೀ ಗಿಡಾ ಹಚ್ಚಾಕ."

ಬಹಳ ಹೊತ್ತು ನೋಡಿದರು. ಮರಿಯ ಮೇಲೆ ಬೆರಳಾಡಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಆ ಎಣ್ಣಿ ನಮ್ಮ ಮನಿಗೆ ಬರ್ತೈತೇನು?"

ಹಿತ್ತಲಿನಿಂದ ಭಟ್ಟಿಯ ಸದ್ದು ಕೇಳುತ್ತಿತ್ತು. ಇಲ್ಲ ಎಂದಿದ್ದರೆ ಅತ್ತೆ ನಂಬುತ್ತಿದ್ದರು, ಮನೆ ತಣ್ಣಗಿರುತ್ತಿತ್ತು.

"ಬರ್ತೈತ್ರಿ," ಎಂದೆ.

ಅತ್ತೆ ಕನ್ನಡಕ ತೆಗೆದರು. "ಇದು ನನ್ನ ಕಡೆ ಇರಲಿ," ಎಂದು ಆ ಫೋಟೋ ತೆಗೆದುಕೊಂಡು ಹೋದರು.

ನಾಲ್ಕು ದಿನಕ್ಕೆ ಚಾತುರ್ಮಾಸ ಶುರುವಾಯಿತು. ಮಳೆಗಾಲದ ಆ ನಾಲ್ಕು ತಿಂಗಳು ನಮ್ಮವರು ಬಸದಿಯಲ್ಲಿ ಏನಾದರೊಂದು ನೇಮ ಹಿಡಿಯುತ್ತಾರೆ, ಯಾವುದಾದರೊಂದು ಪದಾರ್ಥ ಬಿಡುತ್ತಾರೆ. ಅತ್ತೆ ಹಿಂದಿನ ವರ್ಷ ಸಕ್ಕರೆ ಬಿಟ್ಟಿದ್ದರು. ಈ ಸಲ ಪಂಡಿತರು ಕೇಳಿದಾಗ ಗಟ್ಟಿಯಾಗಿ ಹೇಳಿದರು: "ಕಾಡ ಸುಟ್ಟು ಬೆಳದ ಎಣ್ಣಿ ಬಿಟ್ಟೇನ್ರಿ. ಅದರಾಗ ಕರದದ್ದು ಯಾರ ಕೊಟ್ರೂ ಮುಟ್ಟಂಗಿಲ್ಲ."

ಪಂಡಿತರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದರು. ಅತ್ತೆ ಇನ್ನೊಮ್ಮೆ ಹೇಳಿದರು. ಬಳಿಯಲ್ಲಿ ಕೂತ ಹೆಂಗಸರು ಅವರತ್ತ ತಿರುಗಿದರು. ಅತ್ತೆ ಪೂಜೆಯ ಪುಸ್ತಕದೊಳಗಿಂದ ಫೋಟೋ ತೆಗೆದು ಅವರ ಕೈಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ನಾನು ಒಂದು ವರ್ಷ ಊರೂರು ತಿರುಗಿ ಆಡಿದ ಮಾತಿಗೆ ಆಗದ್ದು ಆ ಹದಿನೈದು ನಿಮಿಷದಲ್ಲಿ ಆಯಿತು. ಏಳು ಮಂದಿ ಅದೇ ನೇಮ ಹಿಡಿದರು. ಎರಡನೆಯ ವಾರದಲ್ಲಿ ಇನ್ನೂ ಹಲವರು.

ಮನೆಯಲ್ಲಿ ಆ ದಿನಗಳನ್ನು ಹೇಗೆ ಕಳೆದೆವೋ! ಭಾವ ದಿನಾ ಸಂಜೆ ಅಂಗಡಿಯಿಂದ ಬರುವಾಗ ತಾಯಿಗೆಂದು ಒಂದು ತುಂಡು ಕರದಂಟು ತರುತ್ತಿದ್ದರು. ಅದು ಮಾವನವರ ಕಾಲದ ರೂಢಿ. ಅತ್ತೆ ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಿದ್ದುದರಿಂದ ಭಾವ ಬೇಗ ಬರುತ್ತಿದ್ದರು. ನೇಮ ಹಿಡಿದ ಮೊದಲ ದಿನ ತುಂಡನ್ನು ತಟ್ಟೆಯ ಬದಿಗಿಟ್ಟರು. ಅತ್ತೆ ತಟ್ಟೆ ಸರಿಸಿದರು.

"ಅವ್ವಾ, ಇದು ನಮ್ಮ ಅಂಗಡೀದು."

"ಗೊತ್ತೈತಪ್ಪಾ."

"ಇಷ್ಟ ವರ್ಷ ತಿಂದಿ."

"ಗೊತ್ತಿಲ್ಲದ ತಿಂದೆ. ಗೊತ್ತಾದ ಮ್ಯಾಲ ಹ್ಯಾಂಗ ತಿನ್ನಲಿ?"

ಭಾವ ನನ್ನತ್ತ ನೋಡಿದ ನೋಟ ನನಗೆ ಇಂದಿಗೂ ನೆನಪಿದೆ. ನೆಗೆಣ್ಣಿ, ಅಂದರೆ ಅವರ ಹೆಂಡತಿ, ತುಂಡನ್ನು ಎತ್ತಿ ಒಳಗಿಟ್ಟಳು. ಮರುದಿನವೂ ತಂದರು. ಅದರ ಮರುದಿನವೂ. ಅತ್ತೆ ದಿನಾ ತಟ್ಟೆ ಸರಿಸಿದರು. ದನಿ ಎತ್ತಲಿಲ್ಲ, ಮುನಿಸು ತೋರಿಸಲಿಲ್ಲ. ಹನ್ನೊಂದನೆಯ ದಿನ ಭಾವ ಬರಿಗೈಯಲ್ಲಿ ಬಂದರು. ಆ ದಿನ ನೆಗೆಣ್ಣಿ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ರೊಟ್ಟಿ ಬಡಿಯುತ್ತ, "ಅವ್ರು ನಿದ್ದಿ ಮಾಡಂಗಿಲ್ಲ. ನಿನಗ ಬೈಯಾಕತ್ತಿಲ್ಲ ನಾ. ಹೇಳಾಕತ್ತೇನಿ ಅಷ್ಟ," ಎಂದಳು. ನಾನು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡೆ.

ಊರಿನ ಜೈನರ ಮನೆಗಳಿಂದ ಹೋಗುತ್ತಿದ್ದ ಬೇಡಿಕೆ ಎಲ್ಲ ಅಂಗಡಿಗಳಲ್ಲೂ ಇಳಿಯಿತು. ಬಸವಣ್ಣನವರನ್ನು ನೆನೆಯುವ ಮನೆಗಳ ಹೆಂಗಸರೂ ಅಂಗಡಿಯ ಕಟ್ಟೆಯ ಮೇಲೆ ನಿಂತು, "ಯಾವದರಾಗ ಕರದೀರಿ, ಖರೆ ಹೇಳ್ರಿ," ಎಂದು ಕೇಳತೊಡಗಿದರು. ಅದರ ಸಿಟ್ಟು ತಿರುಗಿದ್ದು ಫಿಟ್ಟರ್ ಕಾಕಾನ ಮೇಲೆ.

ಒಂದು ಶನಿವಾರ ಮಧ್ಯಾಹ್ನ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಅವರನ್ನು ಅಡ್ಡಗಟ್ಟಿದರು. ಊರಿನವರಲ್ಲ, ಯಾರು ಕಳಿಸಿದರೋ ಕೊನೆಗೂ ಗೊತ್ತಾಗಲಿಲ್ಲ. ಹೊಡೆಯಲಿಲ್ಲ. ಜೇಬಿನಿಂದ ಲಕೋಟೆ ಕಿತ್ತುಕೊಂಡು, ಫೋಟೋಗಳನ್ನು ಒಂದೊಂದಾಗಿ ಅವರ ಕಣ್ಣೆದುರೇ ಹರಿದು ಚರಂಡಿಗೆ ಹಾಕಿದರು. "ಘಟಪ್ರಭಾದಾಗ ನಿನ್ನ ಮನಿ ಗೊತ್ತೈತಿ," ಎಂದರಂತೆ. ಸುದ್ದಿ ಕೇಳಿ ನಾನು ಓಡಿಹೋದಾಗ ಫಿಟ್ಟರ್ ಕಾಕಾ ಕಲ್ಲು ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಮಗಳು ಚರಂಡಿಯ ಅಂಚಿನಲ್ಲಿ ಬಗ್ಗಿ ತುಂಡುಗಳನ್ನು ಹುಡುಕುತ್ತಿದ್ದಳು.

"ಸಾಕ್ರಿ ಕಾಕಾ," ಎಂದೆ. "ಇಲ್ಲಿಗೇ ಬಿಡೂಣು."

ಅವರು ಉಸಿರು ಹತೋಟಿಗೆ ಬರುವವರೆಗೆ ಕಾದರು. "ಅಲ್ಲಿ ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಅಕ್ಕಾರ. ಪಗಾರ ಬರ್ತಿತ್ತು, ಸುಮ್ಮನಿದ್ದೆ. ಈಗ ಅಂಜಿ ಬಿಟ್ರ ಆ ಏಳಕ್ಕ ಇವೂ ಕೂಡ್ತಾವ."

ಉಳಿದದ್ದು ಅತ್ತೆಯ ಹತ್ತಿರವಿದ್ದ ಒಂದೇ ಫೋಟೋ. ನಡೆದದ್ದನ್ನು ಮನೆಯಲ್ಲಿ ಹೇಳಿದಾಗ ಭಾವ ಪಡಸಾಲೆಯಲ್ಲೇ ಇದ್ದರು. ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಆದರೆ ಪುಟ ತಿರುವಲೂ ಇಲ್ಲ.

ದೀಪಾವಳಿಗೆ ಮೊದಲು ಮಿಠಾಯಿ ವರ್ತಕರು ಒಂದು ಸಭೆ ಕರೆದು ನನಗೂ ಬರಲು ಹೇಳಿಕಳಿಸಿದರು. ಉದ್ದನೆಯ ಹಾಲ್, ಗೋಡೆಗುಂಟ ಕುರ್ಚಿಗಳು, ನಾನೊಬ್ಬಳೇ ಹೆಂಗಸು. ಫಿಟ್ಟರ್ ಕಾಕಾ ಬರುತ್ತೇನೆಂದರೂ ನಾನೇ ಬೇಡವೆಂದಿದ್ದೆ. ಭಾವ ಕೊನೆಯ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು ಮೊದಲು ಮೆತ್ತಗೆ ಮಾತಾಡಿದರು, ಆಮೇಲೆ ದನಿ ಏರಿತು. ಯಾದಿ ಸುಳ್ಳು ಎಂದು ಬರೆದು ಸಹಿ ಮಾಡಬೇಕು, ಇಲ್ಲವಾದರೆ ಶಾಲೆಯ ಆಡಳಿತ ಮಂಡಳಿಗೆ ದೂರು ಹೋಗುತ್ತದೆ, ನೌಕರಿ ಉಳಿಯುವುದಿಲ್ಲ. ಕಾಗದ ಟೈಪು ಮಾಡಿ ಸಿದ್ಧವಾಗಿತ್ತು. ನನ್ನ ಮುಂದಿಟ್ಟರು.

ಕಾಗದವನ್ನು ಅವರ ಕಡೆಗೇ ಸರಿಸಿದೆ. "ಯಾದ್ಯಾಗ ಸುಳ್ಳು ಯಾವದೈತಿ ತೋರಿಸ್ರಿ. ಅದೊಂದನ್ನ ತಿದ್ದತೇನಿ," ಎಂದೆ.

"ಎಲ್ಲಾ ಸುಳ್ಳ!" ಎಂದು ಒಬ್ಬರು ಮೇಜು ಗುದ್ದಿದರು.

ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು. ಭಾವ ಎದ್ದು ನಿಂತಿದ್ದರು.

"ನನ್ನ ಅಂಗಡೀದು ಸುಳ್ಳಲ್ರಿ," ಎಂದರು. "ಹಲಗಿ ಮ್ಯಾಲ ತುಪ್ಪ ಅಂತೈತಿ. ಬಾಣಲ್ಯಾಗ ವನಸ್ಪತಿ ಐತಿ. ನಮ್ಮವ್ವ ನನ್ನ ಕೈಯಾಂದು ತಿನ್ನೂದು ಬಿಟ್ಟು ಮೂರ ತಿಂಗಳಾತು. ನಮ್ಮ ಮನಿ ಹೆಣ್ಣಮಗಳ ಕಡೆಯಿಂದ ಸಹಿ ಮಾಡಿಸಿಕೊಂಡು ನಾ ಯಾವ ಮಾರಿ ಹೊತ್ತು ಮನಿಗೆ ಹೋಗ್ಲಿ?"

ಎಲ್ಲರೂ ಒಮ್ಮೆಲೇ ಮಾತಾಡಿದರು. ಯಾರೋ ಅವರಿಗೆ ಹೆಂಗಸರ ಮಾತು ಕೇಳುವವನು ಎಂದು ಅಂದರು. ಭಾವ ನನ್ನತ್ತ ನೋಡದೆ ಬಾಗಿಲ ಕಡೆ ನಡೆದರು. ನಾನೂ ಎದ್ದು ಹಿಂದೆ ನಡೆದೆ. ಮನೆಯವರೆಗೂ ಅವರು ಹತ್ತು ಹೆಜ್ಜೆ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ.

ಆ ವಾರ ಹಲಗೆಯ ಮೇಲಿನ 'ಶುದ್ಧ ತುಪ್ಪದ' ಎಂಬ ಎರಡು ಪದಗಳನ್ನು ಭಾವ ಬಣ್ಣ ಬಳಿಸಿ ಮುಚ್ಚಿಸಿದರು. ಮತ್ತೆ ಇಬ್ಬರು ಅಂಗಡಿಯವರು ಹಾಗೆಯೇ ಮಾಡಿದರು. ಉಳಿದವರು ಮಾಡಲಿಲ್ಲ, ಕೆಲವರು ತುಪ್ಪ ಎಂಬ ಪದವನ್ನು ಇನ್ನೂ ದಪ್ಪಗೆ ಬರೆಸಿದರು. ಭಾವ ಸ್ವಲ್ಪ ಸ್ವಲ್ಪವಾಗಿ ತುಪ್ಪಕ್ಕೆ ಮರಳಿದರು. ಮಾಲು ಕಡಿಮೆಯಾಯಿತು. ಆರು ಹೆಂಗಸರಲ್ಲಿ ಇಬ್ಬರನ್ನು ಬಿಡಿಸಬೇಕಾಯಿತು. ಅವರಲ್ಲಿ ಒಬ್ಬಳು ದಾರಿಯಲ್ಲಿ ಸಿಕ್ಕರೆ ನನ್ನನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದಳು. ಅವಳಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ, ಇವತ್ತಿಗೂ ಇಲ್ಲ. ಭಾವ ನನ್ನೊಂದಿಗೆ ಮತ್ತೆ ಮಾತಾಡಲು ಒಂದೂವರೆ ವರ್ಷ ಹಿಡಿಯಿತು. ನನ್ನನ್ನು ಅದೇ ಸಂಸ್ಥೆಯ ಮೂಡಲಗಿಯ ಶಾಲೆಗೆ ವರ್ಗ ಮಾಡಿದರು. ಅದು ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆ ದೂರದ ಕಾಡಿನಲ್ಲಿ ನಮ್ಮಿಂದಾಗಿ ಒಂದು ಮರವಾದರೂ ಉಳಿಯಿತೋ, ನನಗೆ ಗೊತ್ತಿಲ್ಲ. ಮುಂದಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಓದಿದ್ದನ್ನೆಲ್ಲ ನೋಡಿದರೆ, ಉಳಿದಿರಲಾರದು. ಬೆಂಕಿಯ ಸುದ್ದಿ ಮತ್ತೆ ಮತ್ತೆ ಬಂತು.

ಫಿಟ್ಟರ್ ಕಾಕಾನ ಜೊತೆ ನಾನು ಕೊನೆಯ ಸಲ ಹೋದದ್ದು ಹುಕ್ಕೇರಿಯ ಒಂದು ಶಾಲೆಗೆ. ಎರಡು ಸಾವಿರದ ಇಸವಿ ದಾಟಿತ್ತು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವಷ್ಟರಲ್ಲಿ ಅವರು ನಾಲ್ಕು ಸಲ ನಿಂತರು. ಮಾತಾಡುವ ಶಕ್ತಿ ಇರಲಿಲ್ಲ. ನೀವೇ ಹೇಳಿ ಎಂದು ಸನ್ನೆ ಮಾಡಿ ಕುರ್ಚಿಯಲ್ಲಿ ಕೂತರು. ನಾನು ಎಲ್ಲ ಹೇಳಿದೆ: ದಿಮ್ಮಿಗಳ ರಾಶಿ, ಹೊಗೆ, ಹಗಲಿನಲ್ಲಿ ದೀಪ ಹಚ್ಚಿದ ಲಾರಿ. ಮುಗಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು:

"ಸುಡೂಕಿಂತ ಮೊದಲ ಆ ಕಾಡು ಹ್ಯಾಂಗಿತ್ರಿ?"

ನನಗೆ ಗೊತ್ತಿರಲಿಲ್ಲ. ನಾನು ಅವರೊಂದಿಗೆ ಅಷ್ಟು ಊರು ತಿರುಗಿದ್ದೆ, ಆದರೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಫಿಟ್ಟರ್ ಕಾಕಾನ ಕಡೆ ತಿರುಗಿದೆ. ಅವರು ಕೈಯೂರಿ ಎದ್ದು ನಿಂತರು.

"ಮುಂಜಾನೆ ಹಾಡು ಬರ್ತಿತ್ತವ್ವಾ," ಎಂದರು. "ಅಲ್ಲೆ ಒಂದು ನಮೂನಿ ಮಂಗ್ಯಾ ಅದಾವ. ಗಂಡು ಹೆಣ್ಣು ಕೂಡಿ ಗಿಡದ ತುದಿಗೆ ಕುಂತು ಹಾಡ್ತಾವ. ನಾ ಹೋದ ಮೊದಲನೇ ವರ್ಷ, ಫ್ಯಾಕ್ಟರಿ ಭೋಂಗಾ ಕೂಗೂಕಿಂತ ಮೊದಲ, ಆ ಹಾಡಿಗೆ ಎಚ್ಚರ ಆಗ್ತಿತ್ತು. ನೆಲದ ಮ್ಯಾಲ ಬಿಸಲ ಬೀಳ್ತಿರಲಿಲ್ಲ. ಹಣ್ಣಿನ ವಾಸನಿ. ಗಿಡ ಎಷ್ಟ ದಪ್ಪ ಅಂದ್ರ, ನಾವು ಒಂಬತ್ತು ಮಂದಿ ಕೈ ಹಿಡದು ನಿಂತ್ವಿ, ಇನ್ನೂ ಜಾಗಾ ಉಳೀತು."

ಇಷ್ಟು ಹೇಳಿ ಉಸಿರಿಗಾಗಿ ನಿಂತರು. ಅವರು ಮತ್ತೆ ಶುರುಮಾಡಿದರು. ಮಳೆ ಹೇಗೆ ಮೊದಲು ಎಲೆಗಳ ಮೇಲೆ ಕೇಳಿಸಿ, ಎಷ್ಟೋ ಹೊತ್ತಿನ ಮೇಲೆ ನೆಲಕ್ಕೆ ಬರುತ್ತಿತ್ತು, ನದಿಯ ನೀರು ಹೇಗೆ ಚಹಾದ ಬಣ್ಣಕ್ಕಿತ್ತು ಎಂದೆಲ್ಲ ಹೇಳಿದರು. ಗಂಟೆ ಬಾರಿಸಿತು. ಹುಡುಗಿಯರು ಏಳಲಿಲ್ಲ. ನಮ್ಮ ಬಸ್ಸಿನ ಹೊತ್ತು ಮೀರಿತು. ನಾನು ಅವರನ್ನು ತಡೆಯಲಿಲ್ಲ.